ಬೀಗದ ಕೈ ಸದ್ದು

ನನ್ನ ಮಗಳಿಗೆ 13 ವರ್ಷ. ಮೊನ್ನೆ ಅಂಕಪಟ್ಟಿಗೆ ನನ್ನ ಸಹಿ ಬೇಕಿತ್ತು. ಎರಡು ದಿನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದ್ದಾಳೆ. ಅಂಕಗಳೇನೂ ಕೆಟ್ಟದಾಗಿರಲಿಲ್ಲ. ಮತ್ತೆ ಯಾಕೆ ಬಚ್ಚಿಟ್ಟೆ ಅಂದರೆ, "ನೀನು ಬಂದು ಬೀಗದ ಕೈ ಮೇಜಿನ ಮೇಲೆ ಎಸೆದ ಸದ್ದಲ್ಲೇ ಗೊತ್ತಾಯ್ತಮ್ಮ, ಇವತ್ತು ಬೇಡ ಅಂತ" ಎಂದಳು. ಮೆತ್ತಗೆ ಇಟ್ಟರೆ ಒಳ್ಳೆ ದಿನವಂತೆ. ನನ್ನ ಬಗ್ಗೆ ನನಗೇ ಗೊತ್ತಿಲ್ಲದ ವಿಷಯ ಇದು!

ಮಕ್ಕಳು ಈ ವಿದ್ಯೆಯನ್ನು ಮಾತು ಬರುವ ಮೊದಲೇ ಕಲಿತಿರುತ್ತಾರೆ. 1978ರಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಒಂದು ಪ್ರಯೋಗದ ಬಗ್ಗೆ ಬರೆದರು. ತಾಯಿ ಕೂಸಿನ ಜೊತೆ ನಗುತ್ತಾ ಆಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ನೆ ಕೂರುತ್ತಾಳೆ. ಕೂಸು ನಗುತ್ತದೆ, ಕೈಕಾಲು ಆಡಿಸುತ್ತದೆ, ಹೇಗಾದರೂ ಅಮ್ಮನನ್ನು ವಾಪಸ್ ಕರೆಸಿಕೊಳ್ಳಲು ನೋಡುತ್ತದೆ. ಆಗದಿದ್ದಾಗ ಮುಖ ತಿರುಗಿಸಿಬಿಡುತ್ತದೆ. ನನ್ನ ಮಗಳು ಅಂಕಪಟ್ಟಿಯನ್ನು ಬ್ಯಾಗಿಗೆ ವಾಪಸ್ ತುರುಕಿದ್ದೂ ಅದೇ ಅಲ್ವಾ?

ಇಂಥದ್ದನ್ನು ಓದಿದ ಕೂಡಲೇ ಎಲ್ಲ ತಪ್ಪೂ ತಾಯಿಯದೇ ಎಂದು ಬೆರಳು ತೋರಿಸುವವರಿದ್ದಾರೆ. ನನಗೆ ಅದು ಕೇಳಿ ಕೇಳಿ ಸಾಕಾಗಿದೆ. ಅಪ್ಪ ಎಲ್ಲಿ ಹೋದ ಸ್ವಾಮಿ? ಇಷ್ಟಕ್ಕೂ ಇದು ಒಂದೇ ಕಡೆಯ ದಾರಿಯಲ್ಲ, ರಾತ್ರಿಯಿಡೀ ಅಳುವ ಕೂಸು, ಬಾಗಿಲು ಬಡಿದು ಹೋಗುವ ಹದಿಹರೆಯದ ಹುಡುಗ, ಇವರೂ ತಾಯಿಯ ಮನಸ್ಸನ್ನು ಅಷ್ಟೇ ಅಲ್ಲಾಡಿಸುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಮಿರ್ನಾ ವೈಸ್‌ಮನ್ ಎಂಬ ಸಂಶೋಧಕಿಯ ತಂಡದ್ದು. ಖಿನ್ನತೆಯಿದ್ದ ತಾಯಂದಿರು, ಅವರ 7ರಿಂದ 17 ವರ್ಷದ ಮಕ್ಕಳು, ಒಟ್ಟು 151 ಜೋಡಿ. ಅಧ್ಯಯನದಲ್ಲಿ ಔಷಧಿ ಕೊಟ್ಟಿದ್ದು ತಾಯಂದಿರಿಗೆ. ಮೂರು ತಿಂಗಳಲ್ಲಿ ಖಿನ್ನತೆಯಿಂದ ಹೊರಬಂದವರ ಮಕ್ಕಳಲ್ಲಿ ಮಾನಸಿಕ ತೊಂದರೆಯ ಪ್ರಮಾಣ ಶೇ 11ರಷ್ಟು ಇಳಿಯಿತು. ಹೊರಬರದವರ ಮಕ್ಕಳಲ್ಲಿ ಶೇ 8ರಷ್ಟು ಏರಿತು. ಅಂದರೆ ಅಮ್ಮ ಡಾಕ್ಟರ ಹತ್ತಿರ ಹೋಗುವುದು, ಒಂದು ಗಂಟೆ ಜಾಸ್ತಿ ಮಲಗುವುದು, ಇವೆಲ್ಲ ಮಕ್ಕಳ ಪಾಲಿನದನ್ನು ಕಿತ್ತುಕೊಂಡು ಮಾಡುವ ಐಷಾರಾಮ ಅಲ್ಲವೇ ಅಲ್ಲ. ನಾನು ಕೌನ್ಸೆಲರ್ ಹತ್ತಿರ ಹೋಗಲು ಒಂದು ವರ್ಷ ಮೀನಮೇಷ ಎಣಿಸಿದೆ, ಮಗಳ ಟ್ಯೂಷನ್ನಿಗೆ ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ.

ಹಾಗಂತ ಸದಾ ನಗುತ್ತಿರಬೇಕಾಗಿಲ್ಲ. ಚೆನ್ನಾಗಿರುವ ತಾಯಿ-ಮಗುವಿನ ನಡುವೆಯೂ ತಾಳ ತಪ್ಪುವುದೇ ಹೆಚ್ಚು, ತಪ್ಪಿದ ಮೇಲೆ ಮತ್ತೆ ಹೊಂದಿಕೊಳ್ಳುವುದೇ ಮುಖ್ಯ ಎನ್ನುವುದೂ ಅದೇ ಟ್ರಾನಿಕ್ ಮಾತು. ನನಗಂತೂ ಇದನ್ನು ಓದಿ ಎದೆ ಹಗುರಾಯಿತು.

ನಿನ್ನೆ ಮತ್ತೆ ಕೂಗಾಡಿದೆ, ಒದ್ದೆ ಟವೆಲ್ ವಿಷಯಕ್ಕೆ. ಇಪ್ಪತ್ತು ನಿಮಿಷ ಬಿಟ್ಟು ಅವಳ ಕೋಣೆಗೆ ಹೋಗಿ, ಟವೆಲ್‌ದೇನೂ ತಪ್ಪಿಲ್ಲ, ಆಫೀಸಿನ ಸಿಟ್ಟು ಅದು ಎಂದೆ. "ಗೊತ್ತು" ಎಂದಳು, ಫೋನಿನಿಂದ ತಲೆ ಎತ್ತದೆ. ಬೀಗದ ಕೈ ನೇತುಹಾಕಲು ಬಾಗಿಲ ಹತ್ತಿರ ಒಂದು ಮೊಳೆ ಹೊಡೆಯುತ್ತೇನೆ, ಆಗ ಸದ್ದೇ ಬರುವುದಿಲ್ಲ ಎಂದೆ.

"ಬೇಡಮ್ಮ, ಆಮೇಲೆ ನಂಗೆ ಹೇಗೆ ಗೊತ್ತಾಗ್ಬೇಕು?"