ನಗ್ತಾ ಇದ್ದಾಳಲ್ಲ ದೊಡ್ಡಮ್ಮಾ

“ನಿದ್ದೆ ಎಲ್ಲಿ ಬಂದಿದೆ? ನೋಡಿ, ನಗ್ತಾ ಇದ್ದಾಳಲ್ಲ ದೊಡ್ಡಮ್ಮಾ!”

ಶನಿವಾರ ರಾತ್ರಿ ಅಳಿಯ ಹೇಳಿದ ಮಾತು ಇದು. ನನ್ನ ತಂಗಿಯ ಅಳಿಯ. ಒಳ್ಳೆಯ ಹುಡುಗ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲಲ್ಲಿ ಬಂದು, ಅಲ್ಲಿಂದ ತೀರ್ಥಹಳ್ಳಿ ಬಸ್ಸು ಹಿಡಿದಿದ್ದ. ಮಂಡಗದ್ದೆ ಹತ್ತಿರ ರಸ್ತೆಗೆ ಮರ ಬಿದ್ದಿತ್ತಂತೆ. ಏಳಕ್ಕೆ ಮನೆ ಸೇರಬೇಕಾದವನು ಸೇರಿದ್ದು ಹತ್ತಕ್ಕೆ. ಕೂಸು ಆಗಷ್ಟೇ ಹಾಲು ಕುಡಿದು ತೊಟ್ಟಿಲಲ್ಲಿ ರೆಪ್ಪೆ ಎಳೆಯುತ್ತಿತ್ತು. ಇವನು ಕೈಕಾಲು ತೊಳೆದವನೇ ಸೀದಾ ತೊಟ್ಟಿಲಿಗೆ ಕೈ ಹಾಕಿದ.

ಯಾರೂ ಬೇಡ ಅನ್ನಲಿಲ್ಲ. ವಾರಕ್ಕೊಮ್ಮೆ ಮಗಳ ಮುಖ ನೋಡುವ ಅಪ್ಪನಿಗೆ ಹೇಗೆ ಅನ್ನುವುದು? ನಾನು ಮಾತ್ರ ಬಾಯಿ ತಡೆಯಲಾರದೆ “ನಿದ್ದೆಗಣ್ಣಲ್ಲಿದೆ ಕಣೋ, ಈಗ ಆಡಿಸಬೇಡ” ಅಂದೆ. ಅದಕ್ಕೆ ಬಂದ ಉತ್ತರ ಅದು.

ನಗುತ್ತಿದ್ದದ್ದು ಸುಳ್ಳಲ್ಲ. ಐದು ತಿಂಗಳ ಕೂಸು. ಹೊಟ್ಟೆಗೆ ಬಾಯಿಟ್ಟು ಬುರ್ರ್ ಅಂದರೆ ಕೇಕೆ, ಮೇಲೆತ್ತಿ ಇಳಿಸಿದರೆ ಕೇಕೆ. ಟ್ಯೂಬ್‌ಲೈಟ್ ಹತ್ತಿತು. ಒಳಗಿದ್ದವರೆಲ್ಲ ಬಂದು ಸುತ್ತ ಕೂತರು. ಆದರೆ ಆ ಕೇಕೆಗಳ ನಡುವೆ ಕೂಸು ಒಂದು ಸಲ ಮುಖವನ್ನು ಗೋಡೆ ಕಡೆ ತಿರುಗಿಸಿತು. ಅಳಿಯ ಗೋಡೆ ಕಡೆಗೇ ಹೋಗಿ ‘ಬೂ’ ಅಂದ. ಕೂಸು ನಕ್ಕಿತು, ಮುಖವನ್ನು ಈ ಕಡೆ ತಿರುಗಿಸಿತು. ಇವನು ಈ ಕಡೆಗೆ ಬಂದ. ಮತ್ತೆ ‘ಬೂ’. ಅವನಿಗದು ಕಣ್ಣಾಮುಚ್ಚಾಲೆ. ಎಲ್ಲರೂ ನಗುತ್ತಿದ್ದರು. ಆ ಕತ್ತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿದ್ದು ನನಗೆ ಇವತ್ತಿಗೂ ಕಣ್ಣಿಂದ ಹೋಗುತ್ತಿಲ್ಲ.

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಗೃಹವಿಜ್ಞಾನ ಪಾಠ ಮಾಡಿ ನಿವೃತ್ತಿಯಾದವಳು ನಾನು. ಮಕ್ಕಳ ಬೆಳವಣಿಗೆ ನನ್ನದೇ ವಿಷಯ. ಮನೆಯಲ್ಲಿ ಮಾತ್ರ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ಅದಿರಲಿ. ಮುಖ ತಿರುಗಿಸುವುದು ಕೂಸಿನ ‘ಸಾಕು’. ಮಾತು ಬರುವುದಿಲ್ಲ, ಎದ್ದು ಹೋಗಲು ಕಾಲು ಬರುವುದಿಲ್ಲ. ಅದರ ಕೈಲಾಗುವುದು ಅಷ್ಟೇ. ಎದೆ ಬಡಿತ ಏರಿದಾಗ ಎಳೆಗೂಸುಗಳು ಎದುರಿನ ಮುಖದಿಂದ ಕಣ್ಣು ತೆಗೆಯುತ್ತವೆ, ಬಡಿತ ಇಳಿದ ಮೇಲೆ ತಾವಾಗಿಯೇ ವಾಪಸ್ ನೋಡುತ್ತವೆ. ಆ ಬಿಡುವು ಕೊಟ್ಟರೆ ಆಟ ಮುಂದುವರಿಯುತ್ತದೆ. ಕೊಡದಿದ್ದರೂ ನಗು ಮಾತ್ರ ಸ್ವಲ್ಪ ಹೊತ್ತು ಬರುತ್ತಲೇ ಇರುತ್ತದೆ. ನೋಡುವವರು ಮೋಸ ಹೋಗುವುದು ಅಲ್ಲೇ. ಸುಸ್ತಾದ ಮಗುವಿಗೆ ನಿದ್ದೆಯ ಹೊತ್ತು ಮೀರಿದರೆ ಮೈ ಎಚ್ಚರವಾಗಿರುವ ಕಡೆಗೇ ಜಗ್ಗುತ್ತದೆ. ಕಣ್ಣು ಇನ್ನೂ ಅಗಲವಾಗುತ್ತದೆ, ಕೈಕಾಲು ಇನ್ನೂ ಜೋರಾಗುತ್ತದೆ. ಆಮೇಲೆ ಆಟ ನಿಲ್ಲಿಸಿದರೂ ಆಯಿತೇ? ಒಲೆಯಿಂದ ಕಟ್ಟಿಗೆ ಎಳೆದ ಮಾತ್ರಕ್ಕೆ ಬಚ್ಚಲ ಹಂಡೆಯ ನೀರು ತಣ್ಣಗಾಗುತ್ತಾ?

ಹನ್ನೊಂದಕ್ಕೆ ಅಳು ಶುರುವಾಯಿತು. ಹೊಟ್ಟೆನೋವು ಅಂದರು ಒಬ್ಬರು, ಓಮದ ನೀರು ಅಂದರು ಇನ್ನೊಬ್ಬರು. ತಂಗಿ ಎದ್ದು ಉಪ್ಪು, ಸಾಸಿವೆ, ಒಣಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿಯಾಗಿದೆ ಅಂತ ಲೆಕ್ಕ. ಬ್ಯಾಡಗಿ ಮೆಣಸು ಲೆಕ್ಕ ಕೇಳುತ್ತದೆಯೇ? ಮನೆಯಿಡೀ ಕೆಮ್ಮಿತು. ಕೂಸಿನ ಅಳು ಇನ್ನೂ ಜೋರಾಯಿತು. ಒಳಕೋಣೆಯಿಂದ ನಮ್ಮಮ್ಮ, ಎಂಬತ್ತು ದಾಟಿದವಳು, ಮಲಗಿದಲ್ಲಿಂದಲೇ ಅಂದಳು: “ರಾತ್ರಿ ಹೊತ್ತು ಜಾಸ್ತಿ ನಗಿಸಬೇಡಿ, ಅಳುತ್ತೆ ಅಂತ ಎಷ್ಟು ಸಲ ಹೇಳಬೇಕು ನಿಮಗೆ?” ನಾನು ಅಷ್ಟು ವರ್ಷ ಪಾಠ ಮಾಡಿದ್ದನ್ನು ಅಮ್ಮ ಒಂದೇ ಸಾಲಿನಲ್ಲಿ ಮುಗಿಸಿದಳು.

ಒಂದು ಗಂಟೆಗೆ ಕೂಸು ಮಲಗಿತು. ಮಲಗಿಸಿದ್ದು ಅದರ ಅಮ್ಮ. ದೀಪ ಆರಿಸಿ, ಎದೆಗೆ ಒತ್ತಿಕೊಂಡು, ಜಗಲಿಯಿಂದ ಬಚ್ಚಲವರೆಗೆ ಸುಮ್ನೆ ನಡೆದಳು. ಆಮೇಲೆ ಗಂಡನನ್ನು ನೋಡಿ ತಣ್ಣಗೆ ಒಂದು ಮಾತು ಹೇಳಿದಳು: “ನಾಳೆ ರಾತ್ರಿ ನೀವು ರೈಲಲ್ಲಿ ಮಲಗ್ತೀರಿ.”

ಅವನ ಮುಖ ಸಣ್ಣದಾಯಿತು. ನನಗೆ ಅವಳ ಮಾತು ಸರಿ ಅನ್ನಿಸಿತು, ಅವನ ಮೇಲೆ ಪಾಪ ಅಂತಲೂ ಅನ್ನಿಸಿತು. ಯಾರ ಕಡೆ ನಿಲ್ಲಬೇಕು ಅಂತ ಈಗಲೂ ಗೊತ್ತಾಗುತ್ತಿಲ್ಲ. ಅಂದಹಾಗೆ, ಆ ನಡಿಗೆಯ ಬಗ್ಗೆ ಜಪಾನಿನಲ್ಲಿ ಕೆಲಸ ಮಾಡಿದ್ದಾರೆ. ರೈಕೆನ್ ಸಂಶೋಧನಾ ಸಂಸ್ಥೆಯ ಕುಮಿ ಕುರೋಡಾ ಮತ್ತು ಜೊತೆಗಾರರು 2022ರಲ್ಲಿ ಹೇಳಿದ್ದು ಇಷ್ಟು: ಅಳುವ ಕೂಸನ್ನು ಎತ್ತಿಕೊಂಡು 5 ನಿಮಿಷ ನಿಲ್ಲದೆ ನಡೆಯಿರಿ. ನಿದ್ದೆ ಹತ್ತಿದ ಮೇಲೆ 5ರಿಂದ 8 ನಿಮಿಷ ಎತ್ತಿಕೊಂಡೇ ಕೂತಿರಿ. ಆಮೇಲೆ ಮಲಗಿಸಿ. ತಕ್ಷಣ ಕೆಳಗಿಟ್ಟರೆ ಎದ್ದುಬಿಡುತ್ತವೆ. ತೊಟ್ಟಿಲ ಹತ್ತಿರ ಬಗ್ಗಿದ ಕೂಡಲೇ ಕಣ್ಣು ಬಿಡುವ ಕೂಸನ್ನು ಸಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆಟವೇ ತಪ್ಪು ಅಂತ ಮಾತ್ರ ಯಾರೂ ತಿಳಿಯಬಾರದು. ಭಾನುವಾರ ನಮ್ಮ ಮನೆಯಲ್ಲಿ ಆದದ್ದು ಅದೇ. ಬೆಳಿಗ್ಗೆಯಿಂದ ಅಳಿಯ ಮಗಳನ್ನು ಮುಟ್ಟಲೇ ಇಲ್ಲ. ತಂಗಿಯೂ “ಸುಮ್ನೆ ಮಲಗಿರಲಿ ಬಿಡಿ” ಅಂತ ಬಾಣಂತಿ ಕೋಣೆಯ ಕಿಟಕಿ ಮುಚ್ಚಿದಳು. ಆ ಕೋಣೆಯ ಮೇಲೆ ನನ್ನ ಹಳೇ ಸಿಟ್ಟಿದೆ. ಮಲೆನಾಡಿನ ಮನೆ, ಅದೂ ಆಷಾಢದ ಮಳೆ, ಮಧ್ಯಾಹ್ನಕ್ಕೇ ದೀಪ ಬೇಕು. ಅದರ ಮೇಲೆ ಥಂಡಿ ಅಂತ ಕಿಟಕಿ ಬೇರೆ ಮುಚ್ಚಿದರೆ? ಹುಟ್ಟುವಾಗ ಮಗುವಿಗೆ ಹಗಲು ರಾತ್ರಿಯ ಗಡಿಯಾರ ಇರುವುದಿಲ್ಲ. ಎರಡು ಮೂರು ತಿಂಗಳಿನ ಹೊತ್ತಿಗೆ ಅದು ಕೂಡಿಬರತೊಡಗುತ್ತದೆ. ಹಗಲ ಬೆಳಕು, ಹಗಲ ಮಾತು, ಹಗಲ ಆಟ, ರಾತ್ರಿಯ ಕತ್ತಲು, ಇವೇ ಅದಕ್ಕೆ ಕೀಲಿ ಕೊಡುವುದು. ನಮ್ಮಲ್ಲಿ ಎಲ್ಲ ಉಲ್ಟಾ. ಹಗಲಿಗೆ ಕತ್ತಲ ಕೋಣೆ, ಪಿಸುಮಾತು. ಕೆಲಸ ಮುಗಿಸಿ ಎಲ್ಲರಿಗೂ ಪುರುಸೊತ್ತು ಆಗುವುದು ರಾತ್ರಿ. ಆಗ ದೀಪ, ಧಾರಾವಾಹಿ, ಕೂಸನ್ನು ತೊಡೆಯಿಂದ ತೊಡೆಗೆ ದಾಟಿಸುವ ಮೆರವಣಿಗೆ. ಆಮೇಲೆ ‘ಕೂಸು ರಾತ್ರಿ ಮಲಗಲ್ಲ’ ಅಂತ ದೂರು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ಆಟ ಮತ್ತು ನಿದ್ದೆ ಒಂದೇ ಕಡೆ ಇವೆ. 4ರಿಂದ 11 ತಿಂಗಳ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು. ಎಚ್ಚರವಿದ್ದಾಗ ದಿನದಲ್ಲಿ ಹಲವು ಸಲ ನೆಲದ ಮೇಲೆ ಆಟ, ಅಂಬೆಗಾಲು ಬರುವ ಮುಂಚೆ ಬೋರಲು ಹಾಕಿ ಒಟ್ಟು 30 ನಿಮಿಷವಾದರೂ. ಇದನ್ನು ಓದಿ ಹೇಳಿದರೆ ತಂಗಿ “ಅವರ ಊರಲ್ಲಿ ನೆಲ ಇಷ್ಟು ಥಂಡಿ ಇರುತ್ತಾ?” ಅಂತಾಳೆ. ಚಾಪೆ ಮೇಲೆ ಕಂಬಳಿ ಹಾಸಿದರೆ ಆಯಿತಪ್ಪಾ!

ಮಲಗುವ ಹೊತ್ತಿನ ಬಗ್ಗೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಡಗ್ಲಸ್ ಟೆಟಿ ಮತ್ತು ಸಂಗಡಿಗರ ಅಧ್ಯಯನವನ್ನು ನಾನು ಪಾಠದಲ್ಲಿ ಹೇಳುತ್ತಿದ್ದೆ. ಪ್ರಕಟವಾದದ್ದು 2010ರಲ್ಲಿ. ಮನೆಗಳಲ್ಲಿ ಕ್ಯಾಮೆರಾ ಇಟ್ಟು, ತಾಯಂದಿರು ಮಕ್ಕಳನ್ನು ಮಲಗಿಸುವುದನ್ನು ನೋಡಿದರು. ಹಾಡಿದರೋ, ತಟ್ಟಿದರೋ, ಕತೆ ಓದಿದರೋ ಅನ್ನುವುದಕ್ಕಿಂತ, ಮಗು ಏನು ತೋರಿಸುತ್ತಿದೆ ಅಂತ ಗಮನಿಸಿ ಅದಕ್ಕೆ ಮೆತ್ತಗೆ ಸ್ಪಂದಿಸಿದರೋ ಇಲ್ಲವೋ ಅನ್ನುವುದಕ್ಕೆ ನಿದ್ದೆಯ ಜೊತೆ ಹೆಚ್ಚು ನಂಟು ಕಂಡಿತು. ನಮ್ಮ ಅಳಿಯನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಅವನು ನೋಡುತ್ತಿದ್ದದ್ದು ನಗುವನ್ನು ಮಾತ್ರ, ಕತ್ತನ್ನು ನೋಡಲಿಲ್ಲ.

ನೋಡಲು ಕಲಿಯುವುದಾದರೂ ಯಾವಾಗ? ನನ್ನ ಜಗಳ ಈಗ ಅವನ ಜೊತೆ ಉಳಿದಿಲ್ಲ. ಕೂಸಿನ ಕತ್ತು ಓದುವುದು ದಿನಾ ಜೊತೆಗಿದ್ದವರಿಗೆ ಬರುತ್ತದೆ. ಇಸ್ರೇಲಿನ ಲಿಯಾಟ್ ಟಿಕೋಟ್ಸ್ಕಿ ಮತ್ತು ಜೊತೆಗಾರರ ಅಧ್ಯಯನದಲ್ಲಿ, ಮಗುವಿನ ದಿನನಿತ್ಯದ ಆರೈಕೆಯಲ್ಲಿ ಅಪ್ಪಂದಿರು ಜಾಸ್ತಿ ಕೈ ಹಾಕಿದ ಮನೆಗಳ ಕೂಸುಗಳು ರಾತ್ರಿ ಏಳುವುದು ಕಡಿಮೆ ಅಂತ ಕಂಡಿತ್ತು. ನಮ್ಮಲ್ಲಿ ಬಾಣಂತನ ತವರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ, ಅಪ್ಪ ರೈಲಿನಲ್ಲಿ. ಹೆರಿಗೆ ರಜೆಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ತಾಯಿಗೆ 26 ವಾರ ರಜೆ ಆಯಿತು, ಒಳ್ಳೆಯದೇ. ಕೇಂದ್ರ ಸರ್ಕಾರಿ ನೌಕರಿಯಲ್ಲಿ ಅಪ್ಪನಿಗೆ 15 ದಿನ ಉಂಟು. ಖಾಸಗಿ ಕೆಲಸದ ಅಪ್ಪನಿಗೆ ಇಷ್ಟು ಕೊಡಲೇಬೇಕು ಅಂತ ದೇಶದಲ್ಲಿ ಕಾನೂನೇ ಇಲ್ಲ. ನಮ್ಮ ಅಳಿಯನ ಕಂಪನಿ ಕೊಟ್ಟದ್ದು ಮೂರು ದಿನ, ಅದರಲ್ಲೊಂದು ಭಾನುವಾರ! ಹೀಗಿರುವಾಗ ಅವನ ಪಾಲಿಗೆ ಉಳಿಯುವುದು ಮಗುವಿನ ದಿನದ ಕೊನೆಯ ಚೂರು, ಅದು ಮಲಗಬೇಕಾದ ಹೊತ್ತು. ಅವನು ಆಡಿಸಿದರೆ ಅಮ್ಮನ ರಾತ್ರಿ ಹಾಳು, ಆಡಿಸದಿದ್ದರೆ ಅಪ್ಪನ ವಾರ ಹಾಳು. ಮಲೆನಾಡಿನ ಎಷ್ಟು ಮನೆಗಳಲ್ಲಿ ಈಗ ಇದೇ ಕತೆ ಅಲ್ವಾ? ಮೊದಲು ತೋಟದಿಂದ ಮಧ್ಯಾಹ್ನ ಊಟಕ್ಕೆ ಬರುವ ಅಪ್ಪಂದಿರಿದ್ದರು. ಅವರೇನು ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು ಅಂತಲ್ಲ. ನಮ್ಮಪ್ಪ ನನ್ನನ್ನು ಎತ್ತಿಕೊಂಡ ನೆನಪೇ ಇಲ್ಲ. ಮನಸ್ಸು ಮಾಡಿದ್ದರೆ ಹೊತ್ತಾದರೂ ಇತ್ತು.

ಭಾನುವಾರ ಹನ್ನೊಂದಕ್ಕೆ ನಾನೇ ಹೋಗಿ ಕಿಟಕಿ ತೆಗೆದು, ಕೂಸನ್ನು ತಂದು ಜಗಲಿಯಲ್ಲಿ ಅವನ ಮುಂದೆ ಬೋರಲು ಮಲಗಿಸಿದೆ. “ಈಗ ಆಡಿಸು. ಆದರೆ ಮುಖ ತಿರುಗಿಸಿದರೆ ಹಿಂದೆ ಹೋಗಬೇಡ, ಕಾಯಿ.” ಮೊದಲು ಮುನಿಸಿನಲ್ಲೇ ಇದ್ದ. ಆಮೇಲೆ ತಾನೂ ಬೋರಲು ಮಲಗಿದ. ಮಗಳು ಮಳೆ ನೋಡುತ್ತಾಳೆ, ಇವನು ಕಾಯುತ್ತಾನೆ, ಅವಳು ತಿರುಗಿ ನೋಡಿದರೆ ಇವನ ಹುಬ್ಬು ಏರುತ್ತದೆ. ಹೀಗೇ ತುಂಬ ಹೊತ್ತು ನಡೆಯಿತು. ಆ ರಾತ್ರಿ ಕೂಸು ಒಂಬತ್ತಕ್ಕೆ ಮಲಗಿತು. ಅದು ಜಗಲಿಯಿಂದಲೇ ಅಂತ ನಾನು ಹೇಳುವುದಿಲ್ಲ. ಹಿಂದಿನ ರಾತ್ರಿಯ ನಿದ್ದೆ ಬಾಕಿಯೂ ಇತ್ತಲ್ಲ. ತಂಗಿಯಂತೂ ಮೆಣಸಿನಕಾಯಿಯಿಂದಲೇ ಅಂತ ಹೇಳಿಕೊಂಡು ಓಡಾಡುತ್ತಿದ್ದಾಳೆ.

ನಿನ್ನೆ ಅಳಿಯ ಫೋನ್ ಮಾಡಿದ್ದ. ಈ ವಾರ ಶುಕ್ರವಾರ ರಾತ್ರಿಯ ರೈಲೇ ಹಿಡಿಯುತ್ತಾನಂತೆ, ಶನಿವಾರ ಬೆಳಿಗ್ಗೆ ಕೂಸು ಎದ್ದಿರುವಾಗಲೇ ಮನೆ ಸೇರುವ ಹಾಗೆ. ತಂಗಿ ಆಗಲೇ ಪಟ್ಟಿ ಕೊಟ್ಟಿದ್ದಾಳೆ: ಶಿವಮೊಗ್ಗದ ಗಾಂಧಿ ಬಜಾರಿನಿಂದ ತೊಟ್ಟಿಲಿಗೆ ಸೊಳ್ಳೆಪರದೆ, ಕೊಬ್ಬರಿ ಎಣ್ಣೆ, ಇನ್ನೂ ಏನೇನೋ. ಅಲ್ಲಿ ಅಂಗಡಿ ಬಾಗಿಲು ತೆಗೆಯುವವರೆಗೆ ಕಾಯುತ್ತಾ ಕೂತರೆ ಅವನ ಬೆಳಗು ಶಿವಮೊಗ್ಗದಲ್ಲೇ ಮುಗಿಯುತ್ತದೆ. ನಾನು ಶಿವಮೊಗ್ಗದಲ್ಲೇ ಇರುತ್ತೇನಲ್ಲ, ಪಟ್ಟಿ ನನಗೆ ಕಳಿಸು, ಎಲ್ಲ ತಂದು ಸ್ಟೇಷನ್ನಿನಲ್ಲಿ ನಿನ್ನ ಕೈಗೆ ಕೊಡುತ್ತೇನೆ, ಸೀದಾ ಬಸ್ ಹತ್ತು ಅಂದಿದ್ದೇನೆ.