ಕವಳಿ ಕಂಟಿಯೊಳಗಿನ ಬೇವು

ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು ಅಂತ ನಮ್ಮ ಗದಗ ಸೀಮೆಯ ಮಾತು. ನಾನು ಎಪ್ಪತ್ತು ನೋಡಿಲ್ಲ, ಇದೊಂದನ್ನೇ ಮತ್ತೆ ಮತ್ತೆ ಹತ್ತಿದ್ದೇನೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಅದೇ ಹುರುಪಿನಲ್ಲಿ ನಾವು ನಾಲ್ಕು ಜನ ಗೆಳೆಯರು ಗುಡ್ಡಕ್ಕೆ ಹತ್ತಿಕೊಂಡಿದ್ದ ಒಬ್ಬನ ಬೀಳು ಹೊಲದಲ್ಲಿ ಬೇವು ಬೆಳೆಸಲು ಹೊರಟೆವು. ಮೊದಲ ಕೆಲಸ ಕವಳಿ, ಬಾರಿಯಂಥ ಮುಳ್ಳಿನ ಕಂಟಿಯನ್ನೆಲ್ಲ ಕಡಿದು ಸುಟ್ಟಿದ್ದು. ಆಮೇಲೆ ಹಗ್ಗ ಹಿಡಿದು ಸಾಲಾಗಿ ಅರವತ್ತು ಸಸಿ ನೆಟ್ಟೆವು. ಫೋಟೊ ಚೆನ್ನಾಗಿ ಬಂದಿತ್ತು.

ಯುಗಾದಿ ಹೊತ್ತಿಗೆ ಅರವತ್ತು ಒಣ ಕಡ್ಡಿ.

ಅಲ್ಲೇ ಆಡು ಮೇಯಿಸುತ್ತಿದ್ದ ಅಜ್ಜ ನಕ್ಕ. "ಕಂಟಿ ಕಡದು ಸಸಿ ನೆಟ್ರ ಅದನ್ನ ಯಾರ ನೋಡ್ಕೋಬೇಕೋ ತಮ್ಮಾ?" ಅಂದು, ಬದುವಿನಲ್ಲಿ ನಾವು ಬಿಟ್ಟಿದ್ದ ಒಂದು ಕವಳಿ ಕಂಟಿಯನ್ನು ಕೋಲಿನಿಂದ ಸರಿಸಿದ. ಒಳಗೆ ಮೊಣಕಾಲುದ್ದದ ಬೇವು, ತಿಳಿಹಸಿರು ಚಿಗುರು. "ನನ್ನ ಆಡು ಅದರಾಗ ಬಾಯಿ ಹಾಕಂಗಿಲ್ಲ."

ಮಂಡಿಯೂರಿ ಕೈ ತೂರಿಸಿದೆ. ಮುಂಗೈ ಗೀರಿ ರಕ್ತ ಬಂತು, ಮುರಿದ ಟೊಂಗೆಯ ಹಾಲು ಬೆರಳಿಗೆ ಅಂಟಿತು. ಹೊರಗೆ ಕಾಲಿಗೆ ಚುರುಗುಟ್ಟುವ ಕೆಂಪು ಗರಸು. ಒಳಗೆ ಬೆರಳ ಗೆಣ್ಣಿನಷ್ಟು ದಪ್ಪ ಕರಿ ಪುಡಿಮಣ್ಣು, ಕೊಳೆತ ಎಲೆ, ಮುಟ್ಟಿದರೆ ತಂಪು. ಜೊತೆಗೆ ಹಕ್ಕಿ ತಿಂದು ಉದುರಿಸಿದ ಬೇವಿನ ಬೀಜಗಳು. ನೆರಳು, ಗೊಬ್ಬರ, ಬೇಲಿ, ಬಿತ್ತುವ ಕೂಲಿ, ನಾಲ್ಕೂ ಪುಕ್ಕಟೆ ಸಿಗುವ ಜಾಗವನ್ನೇ ನಾವು ಸುಟ್ಟಿದ್ದೆವು.

ಸಸಿಗೆ ಹೀಗೆ ಆಸರೆಯಾಗುವ ಕಂಟಿಗೆ ವಿಜ್ಞಾನಿಗಳು ದಾದಿ ಗಿಡ ಅನ್ನುತ್ತಾರೆ. ಬದುಕು ಕಷ್ಟವಾದಷ್ಟೂ ಗಿಡಗಳ ನಡುವೆ ಪೈಪೋಟಿಗಿಂತ ಆಸರೆ ಹೆಚ್ಚುತ್ತದೆ ಎಂದು ಬರ್ಟ್‌ನೆಸ್ ಮತ್ತು ಕ್ಯಾಲವೇ 1994ರಲ್ಲೇ ವಾದಿಸಿದ್ದರು. 2002ರಲ್ಲಿ ಕ್ಯಾಲವೇ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನನಗೆ ಇನ್ನೂ ಇಷ್ಟ. ಬೇರೆ ಬೇರೆ ದೇಶಗಳ 11 ಪರ್ವತ ತಾಣಗಳಲ್ಲಿ ಒಂದು ಗಿಡದ ಅಕ್ಕಪಕ್ಕದವನ್ನು ಕಿತ್ತುಹಾಕಿ ನೋಡಿದರು. ಕೆಳಗಿನ ತಾಣಗಳಲ್ಲಿ ಒಂಟಿಯಾದ ಗಿಡ ಸಾಮಾನ್ಯವಾಗಿ ಕೊಬ್ಬಿತು, ಎತ್ತರದಲ್ಲಿ ಸೊರಗಿತು. ಅಲ್ಲಿ ಚಳಿ, ನಮ್ಮಲ್ಲಿ ಬಿಸಿಲು, ಅಷ್ಟೇ ವ್ಯತ್ಯಾಸ. ಕಿತ್ತು ನೋಡುವ ಪ್ರಯೋಗ ನಾವೂ ಮಾಡಿದ್ದೆವಲ್ಲ, ಬರೆದಿಟ್ಟುಕೊಂಡಿರಲಿಲ್ಲ!

ಹಾಗಂತ ಇದನ್ನು ಮಮತೆ ಗಿಮತೆ ಅನ್ನಲು ನನಗೆ ಮನಸ್ಸಿಲ್ಲ. ಅಷ್ಟು ಮರ್ಯಾದೆಯ ಶ್ರೀಗಂಧವೇ ಮಣ್ಣಿನಡಿಯಲ್ಲಿ ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ನೀರು, ಲವಣ ಹೀರುತ್ತದೆ. ನರ್ಸರಿಯವರು ಗಂಧದ ಸಸಿಯ ಚೀಲದಲ್ಲಿ ತೊಗರಿ ಬಿತ್ತುವುದು ಅದಕ್ಕೇ. ಬದನಿಕೆಯಂತೂ ನಾಚಿಕೆಯಿಲ್ಲದೆ ಟೊಂಗೆಯ ಮೇಲೇ ಕೂರುತ್ತದೆ.

ಆ ಬೇವು ಈಗ ನನಗಿಂತ ಎತ್ತರ. ಅದರ ನೆರಳು ಬಿದ್ದ ಕಡೆ ಕವಳಿ ಅರ್ಧ ಒಣಗಿದೆ. ಈ ಸಲ ಮೇ ತಿಂಗಳಲ್ಲಿ ಸಿಕ್ಕಿದ್ದು ಒಂದು ಹಿಡಿ ಕವಳಿ ಹಣ್ಣು. ಹೊಸ ಸಸಿ ನೆಡುವುದನ್ನು ಬಿಟ್ಟಿದ್ದೇವೆ. ಮಳೆಗೆ ಮುಂಚೆ ಹಸಿ ಬೇವಿನ ಬೀಜ ಆರಿಸಿ, ಉಳಿದ ಕಂಟಿಗಳ ಬುಡಕ್ಕೆ ಕೋಲಿನಿಂದ ನೂಕಿ ಬರುತ್ತೇವೆ. ಮುಂಗೈ ಗೀರು ತಪ್ಪಿಲ್ಲ.