ಟ್ರಾಯ್: ಎಲ್ಲಿ ಆದೇಶ, ಎಲ್ಲಿ ಬರೀ ಶಿಫಾರಸು

ಮೊಬೈಲ್ ಕಂಪನಿಗಳ ಮೇಲೆ ಸಿಟ್ಟು ಬಂದಾಗಲೆಲ್ಲ ‘ಟ್ರಾಯ್ ಏನು ಮಾಡುತ್ತಿದೆ’ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಯಾವುದರಲ್ಲಿ ಆದೇಶ ಹೊರಡಿಸುವ ಅಧಿಕಾರವಿದೆ, ಯಾವುದರಲ್ಲಿ ಶಿಫಾರಸು ಮಾಡಿ ಸುಮ್ಮನಾಗಬೇಕಾಗುತ್ತದೆ ಎಂಬುದನ್ನು ಅರಿಯದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

1994ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆದಾಗ, ದೂರವಾಣಿ ಸೇವೆ ನಡೆಸುತ್ತಿದ್ದ ದೂರಸಂಪರ್ಕ ಇಲಾಖೆಯೇ ತನ್ನ ಪ್ರತಿಸ್ಪರ್ಧಿಗಳಿಗೆ ಲೈಸೆನ್ಸನ್ನೂ ಕೊಡುತ್ತಿತ್ತು. ಆಟಗಾರನೇ ಅಂಪೈರ್ ಆಗಿದ್ದ ಈ ಸ್ಥಿತಿಗೆ ಪರಿಹಾರವಾಗಿ 1997ರಲ್ಲಿ ಟ್ರಾಯ್ ಹುಟ್ಟಿತು. ಆದರೆ ಲೈಸೆನ್ಸ್ ವಿಷಯದಲ್ಲಿ ಅದರ ಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಎಂದು ದೆಹಲಿ ಹೈಕೋರ್ಟ್ ಮರುವರ್ಷವೇ ಹೇಳಿತು. 2000ದ ತಿದ್ದುಪಡಿಯು ವ್ಯಾಜ್ಯಗಳನ್ನು ತೀರ್ಮಾನಿಸುವ ಕೆಲಸವನ್ನು ಪ್ರತ್ಯೇಕ ನ್ಯಾಯಮಂಡಳಿಗೆ ವಹಿಸಿ, ದರ, ಕಂಪನಿಗಳ ನಡುವಣ ಸಂಪರ್ಕ ಮತ್ತು ಸೇವೆಯ ಗುಣಮಟ್ಟಗಳನ್ನು ಟ್ರಾಯ್ ಬಳಿ ಉಳಿಸಿತು. ಹೊಸ ಲೈಸೆನ್ಸ್ ಕೊಡುವ ಮುನ್ನ ಸರ್ಕಾರ ಅದರ ಶಿಫಾರಸು ಕೇಳಲೇಬೇಕು, ಒಪ್ಪಲೇಬೇಕೆಂದೇನಿಲ್ಲ.

ಅಂದು ಟ್ರಾಯ್‌ನ ಹಲ್ಲು ಕಿತ್ತರು ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಳಬರುವ ಕರೆಗೂ ಹಣ ಕೊಡಬೇಕಿದ್ದುದರಿಂದ ಜನ ಹೆಸರು ನೋಡಿ ಕರೆ ಕತ್ತರಿಸುತ್ತಿದ್ದ ಕಾಲ ಮುಗಿದದ್ದು, ಕರೆ ಮಾಡಿದವರ ಕಂಪನಿಯು ಸ್ವೀಕರಿಸಿದವರ ಕಂಪನಿಗೆ ಶುಲ್ಕ ಕೊಡಬೇಕೆಂದು ಟ್ರಾಯ್ ರೂಪಿಸಿ 2003ರ ಮೇ ತಿಂಗಳಲ್ಲಿ ಜಾರಿಗೆ ತಂದ ವ್ಯವಸ್ಥೆಯಿಂದ. 2017ರಲ್ಲಿ ಆ ಶುಲ್ಕ ನಿಮಿಷಕ್ಕೆ 14 ಪೈಸೆಯಿಂದ 6 ಪೈಸೆಗೆ ಇಳಿದಾಗ ಹಳೆಯ ಕಂಪನಿಗಳು ಬಲವಾಗಿ ಆಕ್ಷೇಪಿಸಿದವು. 2021ರ ಜನವರಿ 1ರಿಂದ ಅದು ಸೊನ್ನೆಯಾಯಿತು.

ಅಧಿಕಾರ ಇದ್ದರಷ್ಟೇ ಸಾಲದು ಎಂಬುದು ಕಾಲ್ ಡ್ರಾಪ್ ಪ್ರಕರಣದಲ್ಲಿ ಗೊತ್ತಾಯಿತು. ತುಂಡಾದ ಪ್ರತಿ ಕರೆಗೆ ಒಂದು ರೂಪಾಯಿಯಂತೆ ದಿನಕ್ಕೆ ಮೂರು ಕರೆಗಳವರೆಗೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು 2015ರಲ್ಲಿ ಟ್ರಾಯ್ ನಿಯಮ ಮಾಡಿತು. ನೆಟ್‌ವರ್ಕ್‌ನಲ್ಲಿ ಶೇ 2ರಷ್ಟು ಕರೆಗಳು ತುಂಡಾಗುವುದನ್ನು ಅದರದೇ ಗುಣಮಟ್ಟದ ನಿಯಮ ಒಪ್ಪಿಕೊಂಡಿತ್ತು. ಆ ಮಿತಿಯೊಳಗಿದ್ದ ಕಂಪನಿಯೂ ದಂಡ ತೆರಬೇಕೆಂಬುದು ಸಮಂಜಸವಲ್ಲವೆಂದು ಸುಪ್ರೀಂ ಕೋರ್ಟ್ 2016ರ ಮೇ ತಿಂಗಳಲ್ಲಿ ನಿಯಮವನ್ನು ರದ್ದುಪಡಿಸಿತು. ತೀರ್ಪು ನನಗೆ ರುಚಿಸಲಿಲ್ಲ, ಆದರೆ ತರ್ಕದಲ್ಲಿ ಬಿರುಕು ಕಾಣಲಿಲ್ಲ. ಅದೇ ವರ್ಷದ ಫೆಬ್ರುವರಿಯಲ್ಲಿ, ನೋಡುವ ವಿಷಯಕ್ಕೆ ತಕ್ಕಂತೆ ಡೇಟಾ ದರದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿ ಟ್ರಾಯ್ ಹೊರಡಿಸಿದ ನಿಯಮದಿಂದ ಫೇಸ್‌ಬುಕ್‌ನ ‘ಫ್ರೀ ಬೇಸಿಕ್ಸ್’ ಎಂಬ, ಆಯ್ದ ಜಾಲತಾಣಗಳನ್ನಷ್ಟೇ ಉಚಿತವಾಗಿ ಒದಗಿಸುವ ಯೋಜನೆ ಇಲ್ಲಿ ನಿಂತುಹೋಯಿತು. ಅದಕ್ಕೂ ಮುನ್ನ, ಸಾರ್ವಜನಿಕರ ಅಭಿಪ್ರಾಯ ಕೇಳಿ ಟ್ರಾಯ್ ಪ್ರಕಟಿಸಿದ ಸಮಾಲೋಚನಾ ಪತ್ರಕ್ಕೆ ಲಕ್ಷಗಟ್ಟಲೆ ಪ್ರತಿಕ್ರಿಯೆಗಳು ಬಂದಿದ್ದವು.

ಊರಿನಲ್ಲಿರುವ ನನ್ನ ಅಮ್ಮ ಈಗಲೂ ಕೀಪ್ಯಾಡ್ ಫೋನ್ ಬಳಸುತ್ತಾರೆ. ಅಂಗಡಿಯಲ್ಲಿ ‘ಕರೆನ್ಸಿ’ ಹಾಕಿಸುವಾಗಲೆಲ್ಲ ಎಂದೂ ಮುಟ್ಟದ ಡೇಟಾಕ್ಕೂ ದುಡ್ಡು ಕೊಡುತ್ತಿದ್ದರು. ಕರೆ ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಸೀಮಿತವಾದ ಪ್ಯಾಕ್ ಇರಲೇಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಆದೇಶಿಸಿತು. ಆದರೆ ಮೊಬೈಲ್ ದರಗಳನ್ನು ಅದು ಬಹುಕಾಲದಿಂದ ಮಾರುಕಟ್ಟೆಗೇ ಬಿಟ್ಟಿರುವುದರಿಂದ, ಆ ಪ್ಯಾಕಿನ ಬೆಲೆ ಎಷ್ಟಿರಬೇಕೆಂಬುದು ಕಂಪನಿಗಳ ಕೈಯಲ್ಲೇ ಉಳಿದಿದೆ. ದರ ನಿಗದಿಯ ಅಧಿಕಾರ ಕಾಯಿದೆಯಲ್ಲೇ ಇರುವಾಗ ಇಂಥ ಗ್ರಾಹಕರ ಮಟ್ಟಿಗಾದರೂ ಅದನ್ನು ಏಕೆ ಬಳಸಬಾರದು ಎಂದು ಮುಂದಿನ ಸಮಾಲೋಚನಾ ಪತ್ರ ಬಂದಾಗ ಬರೆದು ಕೇಳಬೇಕೆಂದಿದ್ದೇನೆ.